ಹೊಸ ಕೀಟದ ನಾಮಕರಣ

ಮಲೆನಾಡಿನ ಹಳ್ಳದಲ್ಲಿ ಕಲ್ಲೆತ್ತಿ ನೋಡಿದವರು ಅದರ ಅಡಿಯಲ್ಲಿ ಮರಳಿನ ಕಣಗಳಿಂದಲೋ ಎಲೆಯ ಚೂರುಗಳಿಂದಲೋ ಕಟ್ಟಿದ ಕಿರುಗೊಳವೆಯನ್ನು ಕಂಡಿರಬಹುದು. ಅದು ಕ್ಯಾಡಿಸ್ ಕೀಟದ ಮರಿಹುಳುವಿನ ಮನೆ. ಬಾಯಿಂದ ಹೊರಡುವ ರೇಷ್ಮೆಯೇ ಅದರ ಗಾರೆ. ಬೆಳೆದ ಕೀಟವು ನೀರನ್ನು ತೊರೆದು ಹಾರುತ್ತದೆ. ಇದರ ನಾಲ್ಕು ರೆಕ್ಕೆಗಳೂ ರೋಮಮಯವಾದುದರಿಂದ ಈ ಗಣಕ್ಕೆ ಗ್ರೀಕ್ ಮೂಲದ ‘ಟ್ರೈಕಾಪ್ಟರ’ ಎಂಬ ಹೆಸರು ಬಂದಿದೆ. ಭಾರತದಲ್ಲಿ ಸಾವಿರಕ್ಕೂ ಮಿಕ್ಕ ಪ್ರಭೇದಗಳು ದಾಖಲೆಯಾಗಿದ್ದರೂ ಹೊಸವು ದೊರೆಯುತ್ತಲೇ ಇವೆ.

ಹೊಸದೆಂಬ ನಿರ್ಣಯಕ್ಕೆ ಬಣ್ಣವಾಗಲಿ ಗಾತ್ರವಾಗಲಿ ಸಾಲದು. ರಾತ್ರಿ ದೀಪಕ್ಕೆ ಬಂದ ಗಂಡು ಕೀಟವನ್ನು ಹಿಡಿದು, ಅದರ ಉದರದ ತುದಿಯನ್ನು ಕ್ಷಾರದ್ರಾವಣದಲ್ಲಿಟ್ಟು, ಮಾಂಸಭಾಗ ಕರಗಿದ ಬಳಿಕ ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸುತ್ತಾರೆ. ಅವುಗಳ ರಚನೆಯು ತಿಳಿದಿರುವ ಯಾವ ಸಮೀಪದ ಪ್ರಭೇದದೊಡನೆಯೂ ಹೊಂದದಿದ್ದರೆ ಮಾತ್ರ ಹೊಸ ಹೆಸರಿಗೆ ಅವಕಾಶ. ಆ ಹೆಸರಿಗೆ ಆಧಾರವಾದ ಒಂದು ಮಾದರಿಯನ್ನು ‘ಹೋಲೋಟೈಪ್’ ಎಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಕಾಯ್ದಿಡಬೇಕು. ಕೀಟಗಳ ಅಂತಹ ಭಾಂಡಾರಗಳಲ್ಲಿ ದೆಹಲಿಯ ರಾಷ್ಟ್ರೀಯ ಪೂಸಾ ಸಂಗ್ರಹವೂ ಒಂದು. 1980ರಲ್ಲಿ ಸ್ವೆಗ್‌ಮನ್ ಮತ್ತು ಕಾಫ್‌ಮನ್ ಎಂಬವರು ದಕ್ಷಿಣ ಭಾರತದ ಒಂದು ಪ್ರಭೇದಕ್ಕೆ ‘ಸ್ಟೆನೊಸೈಕೆ ಕೊಡೈಕನಾಲೆನ್ಸಿಸ್’ ಎಂದು ಹೆಸರಿಟ್ಟರು. ಕೊನೆಯ ‘ಎನ್ಸಿಸ್’ ನಮ್ಮ ತದ್ಧಿತ ಪ್ರತ್ಯಯದಂತೆ ‘ಅಲ್ಲಿಯದು’ ಎಂಬ ಅರ್ಥವನ್ನು ಕೊಡುತ್ತದೆ.

ಆದರೆ ಹೆಸರು ದೊರೆತದ್ದು ಹಾರುವ ಗಂಡಿಗೆ. ನೀರಿನಲ್ಲಿರುವ ಮರಿಹುಳು ಯಾವುದೆಂಬುದು ಪ್ರತ್ಯೇಕ ಸಮಸ್ಯೆ. 1834ರಲ್ಲಿ ಐಸಾಕ್ ಲೀ ಎಂಬ ಅಮೆರಿಕದ ವಿದ್ವಾಂಸನು ಸುರುಳಿಯಾಕಾರದ ಕ್ಯಾಡಿಸ್ ಮನೆಯನ್ನು ಬಸವನಹುಳುವಿನ ಚಿಪ್ಪೆಂದೇ ಬಗೆದು ವರ್ಣಿಸಿದ್ದನು. ಇದಕ್ಕೆ ಉಪಾಯವನ್ನು ಕೀಟವೇ ಒದಗಿಸುತ್ತದೆ. ಪಕ್ವವಾದ ಕೋಶದೊಳಗೆ ಮರಿಹುಳು ಕಳಚಿದ ಪೊರೆಯ ತುಣುಕುಗಳೂ ಪ್ರೌಢ ಕೀಟದ ಅಂಗಗಳೂ ಒಟ್ಟಿಗೇ ಸಿಗುವುದರಿಂದ ಸಂಬಂಧವು ಸಿದ್ಧವಾಗುತ್ತದೆ. ಇತ್ತೀಚೆಗೆ ಡಿಎನ್‌ಎ ಪರೀಕ್ಷೆಯೂ ನೆರವಾಗುತ್ತಿದೆ.

ಇಷ್ಟು ಶ್ರಮವೇಕೆ? ನೀರಿನ ಶುದ್ಧಿಯನ್ನು ಜಲಚರಗಳಿಂದ ಅಳೆಯಲು ಬ್ರಿಟನ್ನಿನಲ್ಲಿ ರೂಪುಗೊಂಡ ಪದ್ಧತಿಯಲ್ಲಿ, ಮನೆ ಕಟ್ಟುವ ಹಲವು ಕ್ಯಾಡಿಸ್ ಕುಟುಂಬಗಳಿಗೆ 10 ಅಂಕ. ಕೊಳಚೆಯಲ್ಲಿಯೂ ಬದುಕುವ ಕೆಸರುಹುಳುಗಳಿಗೆ 1. ವಜೀರಾಬಾದಿನ ಕೆಳಗೆ ನಜಫ್‌ಗಢ ನಾಲೆಯು ಸೇರಿದ ಮೇಲೆ ಯಮುನೆಯು ಯಾವ ಅಂಕಕ್ಕೆ ಅರ್ಹಳೆಂಬುದನ್ನು ದೆಹಲಿಯ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಆದರೆ ಅಂಕವು ಕುಟುಂಬವನ್ನು ಎಣಿಸುತ್ತದೆಯೇ ಹೊರತು ಪ್ರಭೇದವನ್ನಲ್ಲ. ಒಂದೇ ಹಳ್ಳಕ್ಕೆ ಸೀಮಿತವಾದ ಪ್ರಭೇದವು ಅಳಿದರೆ, ಅದರ ಬಂಧುಗಳು ಉಳಿದಿರುವವರೆಗೆ ಆ ನಷ್ಟವು ಲೆಕ್ಕಕ್ಕೆ ಬಾರದು.

2021ರಲ್ಲಿ ಕೊಸೊವೊ ದೇಶದ ವಿಜ್ಞಾನಿಗಳು ತಮ್ಮ ಬೆಟ್ಟದ ತೊರೆಯೊಂದರ ಹೊಸ ಕ್ಯಾಡಿಸಿಗೆ ‘ಪೊಟಮೊಫೈಲಾಕ್ಸ್ ಕೊರೊನಾವೈರಸ್’ ಎಂದು ಹೆಸರಿಟ್ಟರು. ಜಲವಿದ್ಯುತ್ ಸ್ಥಾವರಗಳಿಂದ ನದಿಗಳಿಗೆ ತಗುಲಿದ ಪಿಡುಗನ್ನು ಜಗತ್ತಿಗೆ ತಿಳಿಸುವುದು ಅವರ ಉದ್ದೇಶವಾಗಿತ್ತು. ನಮ್ಮ ಘಟ್ಟದ ತೊರೆಗಳಲ್ಲಿಯೂ ಹೆಸರಿಲ್ಲದ ಪ್ರಭೇದಗಳು ಉಳಿದಿವೆ. ಹೆಸರಿದ್ದುದು ಕಾಣೆಯಾದರೆ ಹುಡುಕಬಹುದು. ಹೆಸರೇ ಇಲ್ಲದುದು ಹೋದರೆ, ಹೋಯಿತೆಂದು ಹೇಳುವುದಕ್ಕೂ ಆಧಾರವಿರುವುದಿಲ್ಲ.