ಪೈಲಟ್ ಆಗುವ ಮುನ್ನ ಕಣ್ಣಿನ ಪರೀಕ್ಷೆ: ನಾನು ತಡವಾಗಿ ತಿಳಿದುಕೊಂಡದ್ದು



ಗಲ್ಫಿನಿಂದ ಮಾಮ ಬರುವಾಗಲೆಲ್ಲ ಅವರನ್ನು ಕರೆತರಲು ಬಜ್ಪೆಗೆ ಹೋಗುತ್ತಿದ್ದವರಲ್ಲಿ ನಾನೂ ಒಬ್ಬ. ಎಲ್ಲರೂ ಹೊರಬರುವ ಬಾಗಿಲು ನೋಡುತ್ತಿದ್ದರೆ ನಾನು ಆಕಾಶ ನೋಡುತ್ತಿದ್ದೆ. ಏಳನೇ ತರಗತಿಯಿಂದಲೇ ಪೈಲಟ್ ಆಗಬೇಕೆಂಬ ಆಸೆ. ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡದ್ದೂ ಅದಕ್ಕೇ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಭೌತಶಾಸ್ತ್ರ, ಗಣಿತ ಬೇಕೆಂದು ಗೊತ್ತಿತ್ತು. ಕಣ್ಣಿನ ಬಗ್ಗೆ ಚಿಂತೆಯೇ ಇರಲಿಲ್ಲ. ನನಗೆ ಕನ್ನಡಕ ಇಲ್ಲ, ಕೊನೆಯ ಬೆಂಚಿನಿಂದಲೂ ಬೋರ್ಡ್ ಸ್ಪಷ್ಟವಾಗಿ ಕಾಣುತ್ತದೆ. ಮೈನಸ್ ಮೂರು ಪವರಿನ ಕನ್ನಡಕ ಹಾಕುವ ತಂಗಿಗೆ, "ನೀನು ವಿಮಾನದಲ್ಲಿ ಕೂತುಕೊಳ್ಳಬಹುದು, ಓಡಿಸೋಕಾಗಲ್ಲ" ಎಂದು ತಮಾಷೆ ಮಾಡುತ್ತಿದ್ದೆ.

ಆ ತಮಾಷೆ ಎಷ್ಟು ತಪ್ಪು ಎಂದು ಈಗ ಗೊತ್ತಾಗಿದೆ. ನಮ್ಮ ಕಾಲೇಜಿನಲ್ಲಿ ನನ್ನ ಹಾಗೆ ಆಸೆ ಇಟ್ಟುಕೊಂಡವರು ಇನ್ನೂ ಕೆಲವರಿದ್ದೀರಿ. ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ.

ಯಾವ ಪರೀಕ್ಷೆ, ಎಲ್ಲಿ?

ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನದ ನಿಯಮಗಳನ್ನು ನೋಡಿಕೊಳ್ಳುವುದು ಡಿಜಿಸಿಎ. ಪೈಲಟ್ ಆಗುವವರು ಮೊದಲು 'ಕ್ಲಾಸ್ 2' ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರು ಮಾತ್ರ ಇದನ್ನು ಮಾಡಬಹುದು. ಸಂಬಳಕ್ಕೆ ವಿಮಾನ ಓಡಿಸಬೇಕಾದರೆ 'ಕ್ಲಾಸ್ 1' ಬೇಕು. ಅದಕ್ಕೆ ನಿಗದಿತ ಕೇಂದ್ರಗಳಿವೆ. ಬೆಂಗಳೂರಿನಲ್ಲಿರುವ ವಾಯುಸೇನೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅವುಗಳಲ್ಲಿ ಒಂದು. ಒಮ್ಮೆ ಪಾಸಾದರೆ ಮುಗಿಯಲಿಲ್ಲ. ಕೆಲಸದಲ್ಲಿರುವಷ್ಟು ಕಾಲವೂ ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುತ್ತಿರಬೇಕು.

ಕಣ್ಣಿನ ಭಾಗದಲ್ಲಿ ಮುಖ್ಯವಾಗಿ ನೋಡುವುದು ದೂರದ ದೃಷ್ಟಿ, ಹತ್ತಿರದ ದೃಷ್ಟಿ, ಎರಡೂ ಕಣ್ಣುಗಳ ಹೊಂದಾಣಿಕೆ, ಪಕ್ಕದ ನೋಟ ಮತ್ತು ಬಣ್ಣ ಗುರುತಿಸುವ ಶಕ್ತಿ.

6/6 ಎಂದರೇನು?

ಕಣ್ಣಿನ ಡಾಕ್ಟರ ಕೋಣೆಯಲ್ಲಿ ದೊಡ್ಡ ಅಕ್ಷರದಿಂದ ಚಿಕ್ಕ ಅಕ್ಷರಕ್ಕೆ ಇಳಿಯುವ ಒಂದು ಚಾರ್ಟ್ ನೋಡಿರುತ್ತೀರಿ. ಅದು 1862ರಲ್ಲಿ ಹಾಲೆಂಡಿನ ವೈದ್ಯ ಹರ್ಮನ್ ಸ್ನೆಲ್ಲೆನ್ ಮಾಡಿದ್ದು. ಮೇಲಿನ ಸಂಖ್ಯೆ ನೀವು ನಿಂತಿರುವ ದೂರ, ಅಂದರೆ 6 ಮೀಟರ್. ಕೆಳಗಿನದು ಸಾಮಾನ್ಯ ಕಣ್ಣು ಅದೇ ಅಕ್ಷರವನ್ನು ಓದಬಲ್ಲ ದೂರ. ನಿಮ್ಮದು 6/9 ಎಂದರೆ, ಉಳಿದವರು 9 ಮೀಟರಿನಿಂದ ಓದುವುದನ್ನು ನೀವು 6 ಮೀಟರಿನಲ್ಲಿ ನಿಂತು ಓದುತ್ತೀರಿ ಎಂದರ್ಥ. 6/6 ಸಾಲಿನ ಅಕ್ಷರ 6 ಮೀಟರ್ ದೂರದಿಂದ ನಮ್ಮ ಕಣ್ಣಿನಲ್ಲಿ 5 ಮಿನಿಟ್ ಕೋನ ಮಾಡುತ್ತದೆ. ಒಂದು ಡಿಗ್ರಿಗೆ 60 ಮಿನಿಟ್. ಟ್ಯಾನ್ ಹಾಕಿ ಲೆಕ್ಕ ಮಾಡಿ ನೋಡಿ, ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್ ಬರುತ್ತದೆ.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಕ್ಲಾಸ್ 1ಕ್ಕೆ ಪ್ರತಿಯೊಂದು ಕಣ್ಣಿನಲ್ಲೂ ಕನಿಷ್ಠ 6/9, ಎರಡೂ ಕಣ್ಣು ಸೇರಿ 6/6 ಇರಬೇಕು. ಆದರೆ ಇದು ಕನ್ನಡಕ ಹಾಕಿಕೊಂಡೋ ಹಾಕದೆಯೋ ಎರಡಕ್ಕೂ ಅನ್ವಯ. ಅಂದರೆ ಕನ್ನಡಕ ಹಾಕಿ ಇಷ್ಟು ಕಂಡರೆ ಸಾಕು. ಕನ್ನಡಕ ಧರಿಸಿಯೇ ಹಾರಬೇಕು, ಇನ್ನೊಂದು ಜೊತೆ ಕೈಗೆಟಕುವಂತೆ ಇಟ್ಟುಕೊಂಡಿರಬೇಕು ಎಂಬ ಷರತ್ತು ಮಾತ್ರ ಇರುತ್ತದೆ. ಕನ್ನಡಕ ಇಲ್ಲದೆ ದೃಷ್ಟಿ 6/60ಕ್ಕಿಂತ ಕಡಿಮೆ ಇದ್ದರೆ ಕಣ್ಣಿನ ಪೂರ್ಣ ವರದಿ ಕೊಡಬೇಕಾಗುತ್ತದೆ.

ಹಾಗಾದರೆ "ಕನ್ನಡಕ ಇದ್ದವರು ಪೈಲಟ್ ಆಗೋಕಾಗಲ್ಲ" ಎಂಬ ಮಾತು ಎಲ್ಲಿಂದ ಬಂತು? ವಾಯುಸೇನೆಯ ಪೈಲಟ್‌ಗಳಿಗೆ ನಿಯಮ ಹೆಚ್ಚು ಬಿಗಿ. ಜನ ಅದನ್ನೇ ಎಲ್ಲ ಪೈಲಟ್‌ಗಳಿಗೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ.

ಲ್ಯಾಬಿನಲ್ಲಿ ಸಿಕ್ಕ ಸುಳಿವು

ಸೆಕೆಂಡ್ ಪಿಯುಸಿಯ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಪೊಟಾಸಿಯಂ ಪರ್ಮಾಂಗನೇಟ್ ಟೈಟ್ರೇಶನ್ ಇದೆಯಲ್ಲ, ತೆಳು ಗುಲಾಬಿ ಬಣ್ಣ ಬಂದ ತಕ್ಷಣ ನಿಲ್ಲಿಸಬೇಕು. ನನ್ನ ರೀಡಿಂಗ್ ಯಾವಾಗಲೂ ಎಲ್ಲರಿಗಿಂತ ಹೆಚ್ಚು. ಕೈ ಬಿಗಿ ಇಲ್ಲ ಎಂದುಕೊಂಡಿದ್ದೆ. ಆಮೇಲೆ ಸಾಲ್ಟ್ ಅನಾಲಿಸಿಸ್‌ನ ಫ್ಲೇಮ್ ಟೆಸ್ಟ್. ಬೇರಿಯಂ ಹಸಿರು, ಕ್ಯಾಲ್ಸಿಯಂ ಇಟ್ಟಿಗೆ ಕೆಂಪು. ನಾನು ಹಸಿರನ್ನು ನೋಡಿ ಕ್ಯಾಲ್ಸಿಯಂ ಎಂದು ಬರೆದೆ. ಪಕ್ಕದಲ್ಲಿದ್ದ ಗೆಳೆಯ, "ಏನೋ, ಕಣ್ಣು ಮುಚ್ಚಿಕೊಂಡು ನೋಡಿದ್ಯಾ?" ಎಂದು ನಕ್ಕ. ನಾನೂ ನಕ್ಕೆ. ಆದರೆ ಅದೇ ವಾರ ಬಯಾಲಜಿ ಕ್ಲಾಸಿನಲ್ಲಿ ವರ್ಣಾಂಧತೆಯ ಪಾಠ ಬಂದಾಗ ನಗು ಬರಲಿಲ್ಲ.

ಮೊಬೈಲಿನಲ್ಲಿ ಚುಕ್ಕೆಗಳ ಚಿತ್ರ ತೆರೆದು ನೋಡಿದೆ. ಜಪಾನಿನ ವೈದ್ಯ ಶಿನೊಬು ಇಷಿಹಾರ 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಬಣ್ಣಬಣ್ಣದ ಚುಕ್ಕೆಗಳ ನಡುವೆ ಒಂದು ಸಂಖ್ಯೆ ಅಡಗಿರುತ್ತದೆ. ಪೂರ್ಣ ಪುಸ್ತಕದಲ್ಲಿ 38 ಹಾಳೆಗಳು. ಮೊದಲನೆಯ ಹಾಳೆಯ 12 ಎಲ್ಲರಿಗೂ ಕಾಣುತ್ತದೆ, ನನಗೂ ಕಂಡಿತು. ಎರಡನೆಯದರಲ್ಲಿ ಎಲ್ಲರಿಗೂ 8 ಕಂಡರೆ ಕೆಂಪು-ಹಸಿರು ಗೊಂದಲ ಇರುವವರಿಗೆ 3 ಕಾಣುತ್ತದೆ. ನನಗೆ 3 ಕಂಡಿತು. ಮುಂದಿನ ಕೆಲವು ಹಾಳೆಗಳಲ್ಲಿ ಬರೀ ಚುಕ್ಕೆ.

ಆ ಹೊತ್ತಿಗೆ ಉಪ್ಪ ನನ್ನ ಫ್ಲೈಯಿಂಗ್ ಸ್ಕೂಲ್ ಫೀಸಿಗಾಗಿ ಮನೆ ಹಿಂದಿನ ಹತ್ತು ಸೆಂಟ್ಸ್ ಜಾಗ ಮಾರಲು ಬ್ರೋಕರ್ ಹತ್ತಿರ ಮಾತಾಡಿದ್ದರು. ನಾನು ಮನೆಯಲ್ಲಿ ಏನೂ ಹೇಳಲಿಲ್ಲ. ಬದಲಿಗೆ, ಯಾರೋ ಹೇಳಿದರೆಂದು ಆ ಹಾಳೆಗಳ ಉತ್ತರಗಳನ್ನು ಬಾಯಿಪಾಠ ಮಾಡತೊಡಗಿದೆ. ಒಂದು ವಾರ ಮಾಡಿದೆ ಎಂದು ಇಲ್ಲಿ ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಬಯಾಲಜಿ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಪುಸ್ತಕ ಬಾಯಿಪಾಠ ಮಾಡಬಹುದು ಮಾರಾಯ, ರನ್‌ವೇ ದೀಪ ಬಾಯಿಪಾಠ ಮಾಡೋಕಾಗುತ್ತಾ?" ಎಂದರು.

ರನ್‌ವೇ ದೀಪದ ಲೆಕ್ಕ

ಮೇಡಂ ಹೇಳಿದ ದೀಪ ಯಾವುದೆಂದು ಹುಡುಕಿದೆ. ಅದರ ಹೆಸರು ಪ್ಯಾಪಿ. ರನ್‌ವೇಯ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪಗಳು. ವಿಮಾನ ಸಾಮಾನ್ಯವಾಗಿ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಇಳಿಯಬೇಕು. ಸರಿಯಾದ ದಾರಿಯಲ್ಲಿದ್ದರೆ ಎರಡು ಬಿಳಿ, ಎರಡು ಕೆಂಪು ಕಾಣುತ್ತವೆ. ನಾಲ್ಕೂ ಬಿಳಿಯಾದರೆ ಬಹಳ ಮೇಲಿದ್ದೀರಿ. ನಾಲ್ಕೂ ಕೆಂಪಾದರೆ ಬಹಳ ಕೆಳಗಿದ್ದೀರಿ, ಅಪಾಯ. ರಾತ್ರಿ ಎದುರು ಬರುವ ವಿಮಾನದ ಎಡ ರೆಕ್ಕೆಯಲ್ಲಿ ಕೆಂಪು ದೀಪ, ಬಲ ರೆಕ್ಕೆಯಲ್ಲಿ ಹಸಿರು. ರೇಡಿಯೋ ಕೆಟ್ಟರೆ ಟವರಿನಿಂದ ಬಣ್ಣದ ಬೆಳಕು ತೋರಿಸುತ್ತಾರೆ. ಆರದೆ ಉರಿಯುವ ಹಸಿರು ಕಂಡರೆ ಇಳಿಯಬಹುದು, ಆರದೆ ಉರಿಯುವ ಕೆಂಪು ಕಂಡರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರಬೇಕು.

2002ರ ಜುಲೈ 26ರಂದು ಅಮೆರಿಕದ ಟ್ಯಾಲಹಾಸಿಯಲ್ಲಿ ಬೆಳಗಾಗುವ ಮುಂಚೆ ಫೆಡೆಕ್ಸ್ ಕಂಪನಿಯ ಬೋಯಿಂಗ್ 727 ಸರಕು ವಿಮಾನ ರನ್‌ವೇ ತಲುಪುವ ಮೊದಲೇ ಮರಗಳಿಗೆ ಬಡಿದು ನೆಲಕ್ಕೆ ಬಿತ್ತು. ಒಳಗಿದ್ದ ಮೂವರೂ ಗಾಯಗೊಂಡು ಬದುಕಿದರು, ವಿಮಾನ ಸುಟ್ಟು ಹೋಯಿತು. ಅಲ್ಲಿ ಪ್ಯಾಪಿ ದೀಪಗಳಿದ್ದವು. ವಿಮಾನ ಓಡಿಸುತ್ತಿದ್ದ ಫಸ್ಟ್ ಆಫೀಸರಿಗೆ ಬಣ್ಣ ಗುರುತಿಸುವ ದೋಷವಿತ್ತು. ತನಿಖೆಯಲ್ಲಿ ಪೈಲಟ್‌ಗಳ ಆಯಾಸ, ಕ್ರಮ ಪಾಲಿಸದಿದ್ದುದರ ಜೊತೆಗೆ ಈ ದೋಷವನ್ನೂ ಒಂದು ಕಾರಣವಾಗಿ ಹೆಸರಿಸಿದರು. ಇದನ್ನು ಓದಿದ ರಾತ್ರಿಯೇ ಬಾಯಿಪಾಠ ಬಿಟ್ಟೆ. ನನ್ನ ಹಿಂದೆ ಕೂರುವವರಲ್ಲಿ ಗಲ್ಫಿನಿಂದ ಬರುವ ನನ್ನ ಮಾಮನೂ ಇರಬಹುದಲ್ಲ.

ಮನೆಯಲ್ಲಿ ಹೇಳಿದ ದಿನ

ಉಪ್ಪ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಚಾರ್ಟಿನಲ್ಲಿ ನನ್ನದು 6/6. ಬಣ್ಣದ ಹಾಳೆಗಳಲ್ಲಿ ಹೆಚ್ಚಿನವು ತಪ್ಪು. ಹಾಳೆಯಲ್ಲಿ ತಪ್ಪಿದರೂ, ವಿಮಾನಯಾನದಲ್ಲಿ ಬಳಸುವ ಬಣ್ಣದ ದೀಪಗಳನ್ನು ಸರಿಯಾಗಿ ಗುರುತಿಸಿದರೆ ಅವಕಾಶ ಸಿಗಬಹುದು, ಅದಕ್ಕೆ ಲ್ಯಾಂಟರ್ನ್ ಪರೀಕ್ಷೆ ಇದೆ ಎಂದು ಡಾಕ್ಟರ್ ಹೇಳಿದರು. ದೊಡ್ಡ ಆಸ್ಪತ್ರೆಯಲ್ಲಿ ಅದನ್ನೂ ಮಾಡಿಸಿದೆವು. ಅದರಲ್ಲೂ ಹಸಿರನ್ನು ಬಿಳಿ ಎಂದೆ, ಬಿಳಿಯನ್ನು ಹಸಿರು ಎಂದೆ.

ಉಮ್ಮ ಕೇಳಿದ ಪ್ರಶ್ನೆ ಮಾತ್ರ ನನಗೆ ಬಹಳ ನೋವು ಕೊಟ್ಟಿತು: "ಇದು ನನ್ನಿಂದ ಬಂತಾ?" ಪಾಠದಲ್ಲಿ ಓದಿದ್ದನ್ನೇ ಹೇಳಿದೆ. ಕೆಂಪು-ಹಸಿರಿನ ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುತ್ತದೆ. ಹುಡುಗರಿಗೆ ಎಕ್ಸ್ ಒಂದೇ, ಅದು ತಾಯಿಯಿಂದಲೇ ಬರುತ್ತದೆ. ಹುಡುಗಿಯರಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಅದಕ್ಕೇ ಇದು ಹೆಚ್ಚಾಗಿ ಗಂಡಸರಲ್ಲಿ ಕಾಣುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ನಾವು ಕೆಮಿಸ್ಟ್ರಿಯಲ್ಲಿ ಓದುವ ಜಾನ್ ಡಾಲ್ಟನ್‌ಗೂ ಇದೇ ಇತ್ತು. 1794ರಲ್ಲಿ ಅವರು ತಮ್ಮ ಕಣ್ಣಿನ ಬಗ್ಗೆಯೇ ಪ್ರಬಂಧ ಓದಿದ್ದರು.

ನೀವು ಮಾಡಬೇಕಾದದ್ದು

1. ಫ್ಲೈಯಿಂಗ್ ಸ್ಕೂಲಿಗೆ ಒಂದು ರೂಪಾಯಿ ಕಟ್ಟುವ ಮೊದಲು, ಸಾಲಕ್ಕೆ ಸಹಿ ಹಾಕುವ ಮೊದಲು, ವೈದ್ಯಕೀಯ ಪರೀಕ್ಷೆ ಮುಗಿಸಿ. ಕ್ಲಾಸ್ 2 ಆದರೆ ಸಾಲದು, ಕ್ಲಾಸ್ 1 ಕೂಡ ಆಗಲಿ.

2. ಅದಕ್ಕೂ ಮೊದಲು, ಈಗಲೇ, ನಿಮ್ಮ ಊರಿನ ಕಣ್ಣಿನ ಡಾಕ್ಟರ ಹತ್ತಿರ ದೃಷ್ಟಿ ಮತ್ತು ಬಣ್ಣ ಎರಡನ್ನೂ ನೋಡಿಸಿ. ಬಣ್ಣದ ಪರೀಕ್ಷೆ ಬೇಕೆಂದು ಕೇಳಿಯೇ ಮಾಡಿಸಿ. ಮೊಬೈಲ್ ಪರದೆಯ ಬಣ್ಣವನ್ನು ನಂಬಬೇಡಿ. ನಿಜವಾದ ಪುಸ್ತಕವನ್ನು ಹಗಲಿನಂಥ ಬೆಳಕಿನಲ್ಲಿ, ಸುಮಾರು 75 ಸೆಂಟಿಮೀಟರ್ ದೂರದಿಂದ ನೋಡಬೇಕು. ಒಂದು ಹಾಳೆಗೆ ಮೂರು ಸೆಕೆಂಡ್ ಸಮಯ.

3. ಕನ್ನಡಕದ ಪವರ್ ಹಳೆಯದಾಗಿದ್ದರೆ ಹೊಸದು ಮಾಡಿಸಿ. ಪರೀಕ್ಷೆಗೆ ಕನ್ನಡಕ, ಅದರ ಚೀಟಿ, ಹಿಂದಿನ ವರದಿಗಳನ್ನು ಒಯ್ಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಎಷ್ಟು ದಿನ ಮೊದಲು ತೆಗೆಯಬೇಕೆಂದು ಡಾಕ್ಟರನ್ನು ಕೇಳಿ.

4. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಮೊಬೈಲ್ ದೂರ ಇಡಿ. ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಮಂಜಾಗುತ್ತದೆ. ಬೈಕಿನಲ್ಲಿ ಒಬ್ಬರೇ ಹೋಗಬೇಡಿ.

5. ಲೇಸರ್ ಆಪರೇಷನ್ ಮಾಡಿಸುವ ಯೋಚನೆ ಇದ್ದರೆ ಮೊದಲು ಡಿಜಿಸಿಎ ವೈದ್ಯರನ್ನು ಕೇಳಿ. ಅದಕ್ಕೆ ಬೇರೆ ನಿಯಮಗಳಿವೆ. ಮಾಡಿಸಿದ್ದರೆ ಮುಚ್ಚಿಡಬೇಡಿ.

6. ಹುಟ್ಟಿನಿಂದ ಬಂದ ಬಣ್ಣದ ದೋಷಕ್ಕೆ ಮಾತ್ರೆ, ಎಣ್ಣೆ, ವ್ಯಾಯಾಮ ಯಾವುದೂ ಇಲ್ಲ. ಗುಣ ಮಾಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಬಣ್ಣದ ಲೆನ್ಸ್ ಹಾಕಿ ಪರೀಕ್ಷೆಗೆ ಹೋಗುವುದು ಮೋಸ.

ನನ್ನ ಆಸೆ ಹೀಗೆ ಬದಲಾಯಿತು. ಏರ್ ಟ್ರಾಫಿಕ್ ಕಂಟ್ರೋಲರ್ ಆಗೋಣವೆಂದರೆ ಅಲ್ಲೂ ಬಣ್ಣದ ಪರೀಕ್ಷೆ ಇದೆ. ಈಗ ಏರೋನಾಟಿಕಲ್ ಎಂಜಿನಿಯರಿಂಗ್ ಕಡೆ ನೋಡುತ್ತಿದ್ದೇನೆ. ವಿಮಾನ ಓಡಿಸಲಾಗದಿದ್ದರೆ ಅದರ ರೆಕ್ಕೆಯ ಲೆಕ್ಕವಾದರೂ ಮಾಡೋಣ ಎಂದು. ಜಾಗ ಮಾರಲಿಲ್ಲ. ಉಪ್ಪ ಅದರಲ್ಲಿ ಮತ್ತೆ ಬಾಳೆ ನೆಟ್ಟಿದ್ದಾರೆ.

ಡಾಕ್ಟರ ಹತ್ತಿರ ಹೋದ ದಿನ ತಂಗಿಯೂ ಜೊತೆಗಿದ್ದಳು. "ಇವಳದ್ದೂ ನೋಡಿ ಸರ್" ಎಂದೆ. ಕನ್ನಡಕ ಹಾಕಿ ಎರಡು ಕಣ್ಣಿನಲ್ಲೂ 6/6. ಬಣ್ಣದ ಹಾಳೆಗಳೆಲ್ಲ ಸರಿ. ಮನೆಗೆ ಬಂದ ಮೇಲೆ ಅವಳು ನನ್ನ ಹಳೆಯ ವಿಮಾನದ ಪುಸ್ತಕಗಳನ್ನು ಕೇಳಿದಳು. ಕೊಟ್ಟಿದ್ದೇನೆ. ಹಿಂದೆ ಮಾಡಿದ ತಮಾಷೆಗೆ ಕ್ಷಮೆಯನ್ನೂ ಕೇಳಿದ್ದೇನೆ.