ಕಡಲಿನೊಳಕ್ಕಿಳಿಯುವವರು ಮೊದಲು ಕೊಳ್ಳತಕ್ಕ ಸಲಕರಣೆಗಳು

ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿದ ಕಥೆಯನ್ನು ನಾವು ೩೪ ವರ್ಷಗಳ ಕಾಲ ತರಗತಿಯಲ್ಲಿ ಹೇಳುತ್ತ ಬಂದೆವು. ಪ್ರತಿವರ್ಷವೂ ಒಬ್ಬ ಹುಡುಗನಾದರೂ ಎದ್ದುನಿಂತು, “ನೀರೊಳಗೆ ಉಸಿರಿಗೇನು ಮಾಡಿದನು, ಸಾರ್?” ಎಂದು ಕೇಳುತ್ತಿದ್ದನು. “ಜಲಸ್ತಂಭವಿದ್ಯೆ” ಎಂದು ಉತ್ತರವಿತ್ತು ನಾವು ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆವು. ಕಳೆದ ವರ್ಷ ಅದೇ ಪ್ರಶ್ನೆಯು ನಮ್ಮ ಮನೆಯ ಹೊಸ್ತಿಲಿಗೇ ಬಂದಿತು. ಈ ಸಲ ಒಂದು ಮಾತಿನಲ್ಲಿ ಹೇಳಿ ತಪ್ಪಿಸಿಕೊಳ್ಳುವಂತಿರಲಿಲ್ಲ.

ನಮ್ಮ ತಂಗಿಯ ಮಗನು ೨೪ ವರ್ಷದವನು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಅವನು ಮುರುಡೇಶ್ವರದಲ್ಲಿ ನಾಲ್ಕು ದಿನವಿದ್ದು, ಸ್ಕೂಬಾ ವಿದ್ಯೆಯ ಮೊದಲನೆಯ ಪ್ರಮಾಣಪತ್ರವನ್ನು ಪಡೆದು, ೧೮ ಮೀಟರುಗಳವರೆಗೆ ಇಳಿಯುವ ಅಧಿಕಾರದೊಂದಿಗೆ ಮನೆಗೆ ಬಂದನು. ಜತೆಗೆ ಒಂದು ಪಟ್ಟಿಯನ್ನೂ ತಂದಿದ್ದನು. ಬೆಂಗಳೂರಿನ ಅಂಗಡಿಯೊಂದರಲ್ಲಿ ಬರೆದುಕೊಟ್ಟ ಆ ಪಟ್ಟಿಯ ಮೊತ್ತ ೧,೬೨,೦೦೦ ರೂಪಾಯಿ. ಎಲ್ಲವನ್ನೂ ಒಟ್ಟಿಗೆ ಕೊಂಡರೆ ಸೋಡಿ ಉಂಟೆಂದು ಕೆಳಗೆ ಬರೆದಿತ್ತು. ಹುಡುಗನಿಗೆ ತಂದೆಯಿಲ್ಲ. ತಂಗಿಯು ಚೀಟಿಯ ಹಣವನ್ನೆತ್ತಿ, ಸೋರುತ್ತಿದ್ದ ತಾರಸಿಯ ರಿಪೇರಿಗೆಂದು ಇಟ್ಟುಕೊಂಡಿದ್ದಳು. “ಅಣ್ಣಾ, ಅವನನ್ನು ತಡೆಯುವುದು ನನ್ನಿಂದಾಗದು. ಹೋಗುವುದೇ ಆದರೆ ಒಳ್ಳೆಯ ಸಾಮಾನಿನೊಂದಿಗೆ ಹೋಗಲಿ. ಯಾವುದು ಬೇಕು, ಯಾವುದು ಬೇಡ, ನೀನು ನೋಡಿ ಹೇಳು” ಎಂದಳು.

ಸಮುದ್ರದಲ್ಲಿ ಮೊಳಕಾಲಿಗಿಂತ ಮೇಲೆ ಇಳಿಯದವರಿಗೆ ಈ ಭಾರವು ಬಂದಿತು. ಆದುದರಿಂದ ಎರಡು ಸಲ ಮುರುಡೇಶ್ವರಕ್ಕೆ ಹೋಗಿ ಕಲಿಸುವವರನ್ನು ವಿಚಾರಿಸಿದೆವು. ಅಂಗಡಿಯಲ್ಲಿ ಒಂದು ಇಡೀ ಮಧ್ಯಾಹ್ನ ಕುಳಿತೆವು. ದೊರೆತ ಪುಸ್ತಕಗಳನ್ನು ಓದಿದೆವು. ಇಂಥ ಪಟ್ಟಿಯು ಇನ್ನೂ ಅನೇಕ ಗೃಹಸ್ಥರ ಮುಂದೆ ಬರುವ ಕಾಲವಿದಾದುದರಿಂದ, ತಿಳಿದುದನ್ನು ಬರೆಯುತ್ತೇವೆ.

ಸ್ಕೂಬಾ ಎಂಬುದು ಯಾವ ಧಾತುವಿನಿಂದಲೂ ಹುಟ್ಟಿದ ಶಬ್ದವಲ್ಲ. ಐದು ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳನ್ನು ಕೂಡಿಸಿದುದು. ಉಸಿರಿಗೆ ಬೇಕಾದ ಗಾಳಿಯನ್ನು ತಾನೇ ಹೊತ್ತು ನೀರೊಳಗೆ ಹೋಗುವ ಸಾಧನವೆಂದು ಅದರ ತಾತ್ಪರ್ಯ. ಬೆನ್ನಿನ ಸಿಲಿಂಡರಿನಲ್ಲಿ ಆಮ್ಲಜನಕವಿರುವುದೆಂದು ಪತ್ರಿಕೆಗಳವರು ಬರೆಯುವರು, ಅದು ತಪ್ಪು. ಅದರಲ್ಲಿರುವುದು ನಾವು ನೀವು ಉಸಿರಾಡುವ ಈ ಗಾಳಿಯೇ, ಅದುಮಿ ತುಂಬಿದುದು. ಸಾಧಾರಣವಾಗಿ ಬಳಕೆಯಲ್ಲಿರುವ ೧೧ ಲೀಟರಿನ ಸಿಲಿಂಡರಿನಲ್ಲಿ ಸುಮಾರು ೨,೨೦೦ ಲೀಟರು ಗಾಳಿ ಹಿಡಿಯುವುದು. ಇಷ್ಟು ಒತ್ತಡದ ಗಾಳಿಯನ್ನು ನೇರವಾಗಿ ಬಾಯಿಗೆ ಬಿಟ್ಟರೆ ಶ್ವಾಸಕೋಶವು ಉಳಿಯದು. ಅದನ್ನು ಎರಡು ಹಂತಗಳಲ್ಲಿ ಇಳಿಸಿ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ, ಎಳೆದಾಗ ಮಾತ್ರ ಕೊಡುವ ಯಂತ್ರವೇ ರೆಗ್ಯುಲೇಟರು. ೧೯೪೩ರಲ್ಲಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ, ನೌಕಾಧಿಕಾರಿ ಕೂಸ್ಟೋ ಮತ್ತು ಎಂಜಿನಿಯರ್ ಗಾನ್ಯಾನ್ ಎಂಬಿಬ್ಬರು ಇದನ್ನು ಬಳಕೆಗೆ ತಂದರು. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಮೋಟಾರುಗಾಡಿಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ಮಾಡಿದ್ದ ಕವಾಟವೇ ಇದಕ್ಕೆ ಮೂಲವಾಯಿತಂತೆ.

ಪಟ್ಟಿಯಲ್ಲಿ ರೆಗ್ಯುಲೇಟರೇ ಮೊದಲನೆಯದು, ಬೆಲೆಯಲ್ಲಿಯೂ ಮುಂದು. ತಂಗಿಯು ಅದನ್ನೇ ಹಿಡಿದಳು. “ಉಸಿರು ಕೊಡುವ ಯಂತ್ರವನ್ನು ಯಾರಾದರೂ ಬಾಡಿಗೆಗೆ ತರುವರೇ? ಬೇರೆಯದೆಲ್ಲ ಆಮೇಲಾಗಲಿ, ಅದನ್ನು ಮೊದಲು ಕೊಳ್ಳಲಿ” ಎಂದಳು. ತಾಯಿಯ ಮಾತು ನಮಗೂ ನ್ಯಾಯವೆಂದೇ ತೋರಿತು. ಇದನ್ನು ಮುರುಡೇಶ್ವರದ ಶಿಕ್ಷಕರೊಬ್ಬರ ಮುಂದಿಟ್ಟಾಗ ಅವರು ಹೀಗೆ ಹೇಳಿದರು: “ನಮ್ಮಲ್ಲಿರುವ ರೆಗ್ಯುಲೇಟರುಗಳು ದಿನವೂ ನೀರಿಗಿಳಿಯುತ್ತವೆ, ದಿನವೂ ಸಿಹಿನೀರಿನಲ್ಲಿ ತೊಳೆಯಲ್ಪಡುತ್ತವೆ, ಕೆಟ್ಟರೆ ಆ ದಿನವೇ ಗೊತ್ತಾಗುತ್ತದೆ. ನಿಮ್ಮ ಹುಡುಗ ವರ್ಷಕ್ಕೆ ನಾಲ್ಕು ಸಲ ಬರುವವನು. ಅವನದು ಹನ್ನೊಂದು ತಿಂಗಳು ಅಟ್ಟದ ಮೇಲಿರುತ್ತದೆ. ಒಳಗಿನ ರಬ್ಬರು ಒಣಗಿದ್ದು, ಉಪ್ಪು ಕೂತದ್ದು ಅವನಿಗೆ ಹೇಗೆ ತಿಳಿಯಬೇಕು?” ತನ್ನದಾದ ಯಂತ್ರವನ್ನು ತಯಾರಕರು ಹೇಳಿದ ಅವಧಿಗೆ, ಅಂದರೆ ಸಾಮಾನ್ಯವಾಗಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ತಿಳಿದವರಿಂದ ಬಿಚ್ಚಿಸಿ ನೋಡಿಸಬೇಕು. ಆ ಖರ್ಚು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.

ಬಾಡಿಗೆಯದೆಂದು ಕಣ್ಣುಮುಚ್ಚಿಕೊಂಡು ಬಾಯಿಗಿಡಬಾರದು. ಪರೀಕ್ಷೆಯ ಕ್ರಮವನ್ನು ಅವರೇ ತೋರಿಸಿದರು. ಸಿಲಿಂಡರನ್ನು ತೆರೆದು, ಒತ್ತಡದ ಮುಳ್ಳನ್ನು ನೋಡುತ್ತ ನಾಲ್ಕಾರು ಸಲ ದೀರ್ಘವಾಗಿ ಉಸಿರೆಳೆಯಬೇಕು. ಎಳೆದಾಗಲೆಲ್ಲ ಮುಳ್ಳು ಕೆಳಗೆ ಬಿದ್ದು ಮತ್ತೆ ಏರಿದರೆ ಕವಾಟವು ಪೂರ್ತಿ ತೆರೆದಿಲ್ಲವೆಂದೇ ತಿಳಿಯಬೇಕು. ಸಂಗಡಿಗನ ಆಪತ್ತಿಗೆಂದು ಇರುವ ಎರಡನೆಯ ಬಾಯಿಯನ್ನೂ ಹಾಗೆಯೇ ಪರೀಕ್ಷಿಸಬೇಕು. ಅನೇಕರು ಅದನ್ನು ಮರೆಯುವರಂತೆ. ಗಾಳಿಗೆ ಎಣ್ಣೆಯ ವಾಸನೆಯಾಗಲಿ ಯಾವ ರುಚಿಯಾಗಲಿ ಇರಕೂಡದು. ಕೊಳವೆಗಳನ್ನು ಬಗ್ಗಿಸಿ ಬಿರುಕಿದೆಯೇ ಎಂದು ನೋಡಬೇಕು. ಇಷ್ಟಕ್ಕೆ ಎರಡು ನಿಮಿಷ ಸಾಕು. ಪರೀಕ್ಷಿಸುವವನನ್ನು ಕಂಡು ಮುಖ ಗಂಟಿಕ್ಕುವ ಕಡೆಯಲ್ಲಿ ನೀರಿಗಿಳಿಯದಿರುವುದೇ ಲೇಸು.

ತಂಗಿಗೆ ಇದನ್ನೆಲ್ಲ ಹೇಳಿದರೂ ಸಮಾಧಾನವಾಗಲಿಲ್ಲ. ಆ ರಾತ್ರಿ ಜಗಲಿಯ ಮೇಲೆ ಹುಡುಗನು ನಮ್ಮೊಡನೆ ಬೇರೊಂದು ಸಂಗತಿಯನ್ನು ಹೇಳಿದನು. ಶಿಕ್ಷಣಕ್ಕೆ ಹೋಗುವಾಗ, ಅಲ್ಲಿಯ ಮಾಸ್ಕು ಹಲವರು ತೊಟ್ಟದ್ದೆಂದು ಹೇಸಿ, ಎಲ್ಲಿಂದಲೋ ಅಗ್ಗದ ಒಂದನ್ನು ಅಂಚೆಯಲ್ಲಿ ತರಿಸಿಕೊಂಡಿದ್ದನಂತೆ. ಅದರ ಗಾಜು ಪ್ಲಾಸ್ಟಿಕ್ಕಿನದು, ಅಂಚು ಗಡುಸಾದದ್ದು. ಮೂರನೆಯ ದಿನ ೬ ಮೀಟರು ಆಳದಲ್ಲಿ ಅದರೊಳಕ್ಕೆ ಕಣ್ಣಿನವರೆಗೆ ನೀರು ತುಂಬಿತು. ಗಾಬರಿಯಲ್ಲಿ ಮೂಗಿನಿಂದ ಉಸಿರೆಳೆದನು; ನೀರು ಗಂಟಲಿಗೇರಿತು; ಮೇಲಕ್ಕೆ ಚಿಮ್ಮಲು ಕಾಲು ಝಾಡಿಸಿದನು. ಶಿಕ್ಷಕರು ಎದೆಯ ಪಟ್ಟಿಯನ್ನು ಹಿಡಿದು ನಿಲ್ಲಿಸಿ, ಕಣ್ಣಲ್ಲಿ ಕಣ್ಣಿಟ್ಟು, ಬಾಯಿಂದ ಉಸಿರಾಡಿಸಿ, ಮೆಲ್ಲನೆ ಮೇಲಕ್ಕೆ ತಂದರು. ಅವನು ಉಸಿರು ಕಟ್ಟಿಕೊಂಡು ಚಿಮ್ಮಿದ್ದರೆ ಏನಾಗುತ್ತಿತ್ತೆಂಬುದನ್ನು ಆಮೇಲೆ ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ೬ ಮೀಟರಿನಲ್ಲಿ ಒಂದು ಲೀಟರಿರುವ ಗಾಳಿಯು ನೀರಿನ ಮೇಲ್ಮೈಯಲ್ಲಿ ೧.೬ ಲೀಟರಾಗುವುದು. ಹೊರಕ್ಕೆ ಬಿಡದ ಎದೆಯಲ್ಲಿ ಆ ಹೆಚ್ಚಿನ ಗಾಳಿಗೆ ಸ್ಥಳವೆಲ್ಲಿ? ಎಂದಿಗೂ ಉಸಿರು ಕಟ್ಟಬೇಡವೆಂಬುದೇ ಈ ವಿದ್ಯೆಯ ಮೊದಲನೆಯ ಪಾಠವಾಗಿರುವುದು ಇದಕ್ಕೋಸ್ಕರವೇ.

“ಅಮ್ಮನಿಗೆ ಹೇಳಬೇಡಿ, ಮಾವ” ಎಂದನು. “ನಾವು ಹೇಳುವುದಿಲ್ಲ. ನೀನು ಹೇಳದ ಹೊರತು ಈ ಪಟ್ಟಿಗೆ ಒಂದು ಕಾಸೂ ಹೊರಡದು” ಎಂದೆವು. ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಹೇಳಿದನು. ತಂಗಿಯು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಹಾಗಾದರೆ ಯಂತ್ರವು ಸರಿಯಾಗಿಯೇ ಇತ್ತು. ಕೆಟ್ಟದ್ದು ಅಗ್ಗದ ಕನ್ನಡಕವಲ್ಲವೇ?” ಎಂದಳು. ನಾವು ಅಷ್ಟು ದಿನ ಓದಿ ಕೇಳಿ ಹೇಳಲಾರದೆ ಹೋದುದನ್ನು ಅವಳು ಒಂದು ಮಾತಿನಲ್ಲಿ ಹೇಳಿದಳು.

ಹೀಗಾಗಿ ಮೊದಲು ಕೊಳ್ಳತಕ್ಕದ್ದು ಮಾಸ್ಕು. ರೆಗ್ಯುಲೇಟರು ಯಾರ ಬಾಯಿಗಾದರೂ ಹೊಂದುವುದು. ಮಾಸ್ಕು ಒಬ್ಬನ ಮುಖದ್ದು ಇನ್ನೊಬ್ಬನಿಗೆ ಹೊಂದಬೇಕೆಂದಿಲ್ಲ. ನಮ್ಮ ಕಣ್ಣು ಗಾಳಿಗೆ ಹೊಂದಿಕೊಂಡದ್ದು. ನೀರಿನಲ್ಲಿ ಸ್ಪಷ್ಟವಾಗಿ ಕಾಣಬೇಕಾದರೆ ಕಣ್ಣಿನ ಮುಂದೆ ಗಾಳಿಯ ಒಂದು ಪದರವಿರಬೇಕು. ಆ ಪದರವು ಆಳಕ್ಕೆ ಹೋದಂತೆ ಕುಗ್ಗಿ ಮುಖವನ್ನು ಹೀರುವುದು. ಆಗ ಮೂಗಿನಿಂದ ಸ್ವಲ್ಪ ಗಾಳಿಯನ್ನು ಒಳಕ್ಕೆ ಬಿಡಬೇಕಾದುದರಿಂದ ಮೂಗು ಮಾಸ್ಕಿನೊಳಗೇ ಇರಬೇಕು. ಈಜುಕೊಳದ ಕನ್ನಡಕವು ಇದಕ್ಕೆ ಸಲ್ಲದು. ಬಾಯಿ ಮೂಗುಗಳೆರಡನ್ನೂ ಮುಚ್ಚಿ, ಮೇಲೊಂದು ಕೊಳವೆಯಿರುವ ಪೂರ್ಣಮುಖದ ಮಾಸ್ಕುಗಳನ್ನು ಕಡಲತೀರದ ಅಂಗಡಿಗಳಲ್ಲಿ ಮಾರುತ್ತಾರೆ. ಅವು ನೀರಿನ ಮೇಲೆ ತೇಲುತ್ತ ನೋಡುವವರಿಗೆ ಮಾತ್ರ. ಮಕ್ಕಳು ಬಣ್ಣವನ್ನು ಕಂಡು ಬೇಡಿದರೂ ಮುಳುಗುವುದಕ್ಕೆಂದು ಕೊಡಿಸಕೂಡದು.

ಗಾಜು ಹದವಿಟ್ಟದ್ದಾಗಿರಬೇಕು, ಒಡೆದರೆ ಮೊನಚಾದ ಚೂರಾಗದಂಥದು. ಅಂಚು ಮೃದುವಾದ ಸಿಲಿಕೋನಿನದಾಗಿರಬೇಕು. ಹೊಂದಿಕೆಯನ್ನು ನೋಡುವ ಬಗೆ ಸುಲಭವಾದುದು. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿಟ್ಟು, ಮೂಗಿನಿಂದ ಮೆಲ್ಲನೆ ಉಸಿರೆಳೆದು ಕೈಬಿಡಬೇಕು. ಬೀಳದೆ ಅಂಟಿಕೊಂಡಿದ್ದರೆ ಒಂದು ಪರೀಕ್ಷೆ ಮುಗಿಯಿತು. ಬಳಿಕ ಬಾಯಲ್ಲಿ ರೆಗ್ಯುಲೇಟರಿನ ರಬ್ಬರು ತುದಿಯನ್ನಿಟ್ಟು ಮತ್ತೊಮ್ಮೆ ನೋಡಬೇಕು, ಏಕೆಂದರೆ ಬಾಯಿ ತೆರೆದಾಗ ಕೆನ್ನೆಯ ಆಕಾರವೇ ಬೇರೆ. ಅಂಗಡಿಯಲ್ಲಿ ಹುಡುಗನು ಹನ್ನೊಂದು ಮಾಸ್ಕುಗಳನ್ನು ಇಟ್ಟು ತೆಗೆದನು, ಮೂರು ನಿಂತವು. ಅತ್ಯಂತ ಬೆಲೆಯುಳ್ಳದ್ದು ಆ ಮೂರರಲ್ಲಿರಲಿಲ್ಲ. ನಾವೂ ಒಂದನ್ನು ಇಟ್ಟುನೋಡಿದೆವು. ನಲವತ್ತು ವರ್ಷಗಳ ನಮ್ಮ ಮೀಸೆಯು ಅದನ್ನು ಕ್ಷಣವೂ ನಿಲ್ಲಗೊಡಲಿಲ್ಲ. ಮೀಸೆಯುಳ್ಳವರು ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿಕೊಳ್ಳುವರಂತೆ.

ಹುಡುಗನಿಗೆ ಮೈನಸ್ ೩ರ ಕನ್ನಡಕ. ನೀರೊಳಗೆ ವಸ್ತುಗಳು ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿ ತೋರುವುದು ನಿಜ, ಆದರೆ ಅದರಿಂದ ಮಸುಕು ಹೋಗುವುದಿಲ್ಲ. ಕನ್ನಡಕದ ಕಡ್ಡಿಗಳನ್ನು ಮಾಸ್ಕಿನೊಳಗೆ ತೂರಿಸಿದರೆ ನೀರು ಬಂದೇ ಬರುವುದು. ಎರಡು ಬೇರೆ ಬೇರೆ ಗಾಜುಗಳುಳ್ಳ ಮಾಸ್ಕುಗಳಿಗೆ ನಂಬರಿನ ಗಾಜುಗಳು ಸಿದ್ಧವಾಗಿಯೇ ದೊರೆಯುತ್ತವೆ. ಒತ್ತಡದ ಮುಳ್ಳನ್ನು ಓದಲಾರದವನಿಗೆ ಇದು ಆಡಂಬರವಲ್ಲ. ಹೊಸ ಗಾಜಿನ ಒಳಮೈಯಲ್ಲಿ ತಯಾರಿಕೆಯ ಸಿಲಿಕೋನಿನ ತೆಳುವಾದ ಪೊರೆಯಿರುವುದರಿಂದ ಮಂಜು ಕವಿಯುವುದು. ಹಲ್ಲುಜ್ಜುವ ಪೇಸ್ಟಿನಿಂದ ಎರಡು ಮೂರು ಸಲ ಉಜ್ಜಿದರೆ ಹೋಗುವುದು. ಆಮೇಲೆ ಪ್ರತಿಸಲವೂ ಇಳಿಯುವ ಮುನ್ನ ಗಾಜಿಗೆ ಉಗುಳು ಸವರಿ ತೊಳೆಯುತ್ತಾರೆ. ಮಡಿವಂತರು ಕ್ಷಮಿಸಬೇಕು, ಎಂಜಲಿಗೆ ಸಮನಾದ ಔಷಧವು ಇನ್ನೂ ಅಗ್ಗದಲ್ಲಿ ಹುಟ್ಟಿಲ್ಲ.

ಎರಡನೆಯದು ಕಾಲಿನ ಫಿನ್ನುಗಳು. ಇಡೀ ಪಾದವನ್ನು ತೂರಿಸುವವು ಒಂದು ಬಗೆ. ಹಿಮ್ಮಡಿಗೆ ಪಟ್ಟಿಯಿದ್ದು ಒಳಗೆ ರಬ್ಬರಿನ ಬೂಟು ತೊಡುವವು ಇನ್ನೊಂದು ಬಗೆ. ಬಂಡೆಗಳ ಮೇಲೆ ನಡೆದು ನೀರಿಗಿಳಿಯುವವರಿಗೆ ಎರಡನೆಯದು ಮೇಲು. ಹೆಬ್ಬೆರಳು ಮಡಿಸದಂತೆ, ಹಿಮ್ಮಡಿ ಜಾರದಂತೆ ಇದ್ದರೆ ಸರಿ. ಅತಿ ಬಿರುಸಾದ ಹಲಗೆಯುಳ್ಳವು ಹೊಸಬನ ಮೀನಖಂಡಕ್ಕೆ ಸೆಡೆತ ತರುವುವು. ನೀರಿನ ಮೇಲೆ ಮುಖವಿಟ್ಟು ಉಸಿರಾಡುವ ಸ್ನಾರ್ಕೆಲ್ ಕೊಳವೆಯು ಸಾದಾ ಬಾಗಿದ ನಳಿಗೆಯಾದರೆ ಸಾಕು.

ಮೂರನೆಯದಾಗಿ, ಹಣವಿದ್ದರೆ, ಕೈಗೆ ಕಟ್ಟುವ ಡೈವ್ ಕಂಪ್ಯೂಟರು. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತಮಾಂಸಗಳಲ್ಲಿ ಕರಗುವುದು. ಬೇಗನೆ ಮೇಲೆ ಬಂದರೆ, ಸೋಡಾಸೀಸೆಯ ಮುಚ್ಚಳ ತೆಗೆದಂತೆ, ಅದು ಗುಳ್ಳೆಗಳಾಗಿ ಒಡೆದು ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನನ್ನಾದರೂ ಮಾಡೀತು. ಹಾಲ್ಡೇನ್ ಎಂಬ ವಿಜ್ಞಾನಿಯು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಎಷ್ಟು ಆಳ, ಎಷ್ಟು ಹೊತ್ತು ಎಂಬ ಕೋಷ್ಟಕಗಳನ್ನು ೧೯೦೮ರಲ್ಲಿ ಪ್ರಕಟಿಸಿದನು. ಅದೇ ಬಗೆಯ ಲೆಕ್ಕವನ್ನು ಈ ಕಂಪ್ಯೂಟರು ಕ್ಷಣಕ್ಷಣಕ್ಕೂ ಮಾಡುವುದು. ಇದನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಇಬ್ಬರೂ ಒಂದೇ ಆಳದಲ್ಲಿ ಇರುವುದಿಲ್ಲವಷ್ಟೆ. ಸಾದಾ ಮಾದರಿಯೇ ಸಾಕು, ದೊಡ್ಡ ಅಂಕೆಗಳಿರಲಿ.

ಉಳಿದುದನ್ನು ಬಾಡಿಗೆಗೆ ಬಿಡಬಹುದು. ತೇಲುವಿಕೆಯನ್ನು ಹದಗೊಳಿಸುವ ಬಿ.ಸಿ.ಡಿ. ಎಂಬ ಗಾಳಿತುಂಬುವ ಕವಚವು ಹಲವು ಬಗೆಯದು. ಹತ್ತಾರು ಸಲ ಇಳಿದಮೇಲೆಯೇ ತನಗೆ ಯಾವುದು ಸರಿಯೆಂದು ತಿಳಿಯುವುದು. ವೆಟ್‌ಸೂಟು ನಮ್ಮ ಬೆಚ್ಚನೆಯ ಕಡಲಿಗೆ ೩ ಮಿಲಿಮೀಟರು ದಪ್ಪವಿದ್ದರೆ ಸಾಕು. ಸಿಲಿಂಡರನ್ನೂ ಸೀಸದ ತೂಕಗಳನ್ನೂ ಗೃಹಸ್ಥನು ಕೊಳ್ಳುವ ಮಾತೇ ಇಲ್ಲ.

ಮಾಸ್ಕು, ಅದರ ಗಾಜುಗಳು, ನಳಿಗೆ, ಫಿನ್ನು, ಬೂಟು, ಕಂಪ್ಯೂಟರು ಸೇರಿ ೪೧,೦೦೦ ರೂಪಾಯಿಗಳಾದವು. ಅಂಗಡಿಯವರು ಸೋಡಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಫೆಬ್ರವರಿಯಲ್ಲಿ ನಾವೂ ಹುಡುಗನ ಜತೆ ನೇತ್ರಾಣಿಗೆ ಹೋದೆವು. ಮುರುಡೇಶ್ವರದ ದಡದಿಂದ ಸುಮಾರು ೧೯ ಕಿಲೋಮೀಟರು. ಮಳೆಗಾಲದಲ್ಲಿ ಅಲ್ಲಿಗೆ ದೋಣಿಗಳು ಹೋಗುವುದಿಲ್ಲ. ಹುಡುಗನು ಎರಡು ಬಾಯಿಗಳಿಂದಲೂ ಉಸಿರೆಳೆದು ಮುಳ್ಳನ್ನು ನೋಡಿದನು, ನಮ್ಮ ಕಡೆಗೂ ಒಮ್ಮೆ ನೋಡಿದನು, ಹಿಂದಕ್ಕೆ ಉರುಳಿ ನೀರಿಗೆ ಬಿದ್ದನು. ನಾವು ದೋಣಿಯ ಅಂಚನ್ನು ಹಿಡಿದು ಕುಳಿತೆವು. ನೀರಿನ ಮೇಲೆ ಅವರ ಉಸಿರಿನ ಗುಳ್ಳೆಗಳು ಏಳುತ್ತಿದ್ದವು. ಒಮ್ಮೆ ಅವು ಬಂಡೆಯ ಮರೆಗೆ ಸರಿದು ಕಾಣದಾದಾಗ ನಾವು ಎದ್ದುನಿಂತುಬಿಟ್ಟೆವು. ದೋಣಿಯ ಹುಡುಗನು, “ಕೂತ್ಕೊಳ್ಳಿ ಅಜ್ಜ, ಬರ್ತಾರೆ” ಎಂದನು. ೪೩ ನಿಮಿಷಗಳಾದ ಮೇಲೆ ತಲೆಯು ಮೇಲೆ ಬಂದಿತು.

ದಡಕ್ಕೆ ಬಂದು ತಂಗಿಗೆ ಫೋನು ಮಾಡಿದೆವು. ಅವಳು ಮೀನನ್ನೂ ಕೇಳಲಿಲ್ಲ, ಹವಳವನ್ನೂ ಕೇಳಲಿಲ್ಲ, “ಮೂಗಿಗೆ ನೀರು ಹೋಯಿತೇ?” ಎಂದು ಮಾತ್ರ ಕೇಳಿದಳು. “ಒಂದು ತೊಟ್ಟೂ ಇಲ್ಲಮ್ಮಾ” ಎಂದನು. ಉಳಿದ ಹಣದಲ್ಲಿ ಏಪ್ರಿಲಿನೊಳಗೆ ತಾರಸಿಯ ಕೆಲಸವೂ ಮುಗಿಯಿತು.