ಅತ್ತೆ ಕೊಟ್ಟ ಕುಂಬಳದ ಬೀಜ ಉಳಿಯಬೇಕಾದರೆ

ಹೊಳೆನರಸೀಪುರ ಕಡೆಯಿಂದ ನನ್ನ ದವಾಖಾನೆಗೆ ಬರುವ ಹಿರಿಯ ತಾಯಿಯೊಬ್ಬರು ಹೋದ ಸಲ ಔಷಧಿಗಿಂತ ಮೊದಲು ಕುಂಬಳಕಾಯಿಯ ವಿಷಯ ಎತ್ತಿದರು. "ಹಕೀಂ ಸಾಹೇಬರೇ, ಅತ್ತೆ ಕೊಟ್ಟ ಬೀಜ. ಇಷ್ಟು ವರ್ಷ ಬೆಲ್ಲದಂಥ ಕಾಯಿ ಬಿಡುತ್ತಿತ್ತು. ಈ ಸಲ ಬರೀ ನೀರು. ಮಣ್ಣು ಕೆಟ್ಟಿತೇ?" ಎರಡು ವರ್ಷ ಹಿಂದಿನ ಬೀಜ ಡಬ್ಬಿಯಲ್ಲಿ ಹನ್ನೊಂದು ಮಾತ್ರ ಉಳಿದಿದ್ದವು.

ಕೆಟ್ಟದ್ದು ಮಣ್ಣಲ್ಲ. ಪಕ್ಕದ ಹಿತ್ತಲಿಗೆ ಹೈಬ್ರಿಡ್ ಕುಂಬಳ ಬಂದಿತ್ತು. ಕುಂಬಳದಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಜೇನುನೊಣ ಅಲ್ಲಿನ ಪರಾಗ ಇಲ್ಲಿಗೆ ತರುತ್ತದೆ. ಆ ವರ್ಷದ ಕಾಯಿಯ ರುಚಿ ಬದಲಾಗುವುದಿಲ್ಲ. ಬೆರಕೆಯಾಗುವುದು ಒಳಗಿನ ಬೀಜ. ಮರುವರ್ಷ ಬಿತ್ತಿದಾಗಲೇ ಅದು ಗೊತ್ತಾಗುವುದು.

ನಿಮ್ಮ ಮನೆಯಲ್ಲೂ ಇಂಥ ಬೀಜವಿದ್ದರೆ ಮುಂಗಾರು ಹಿಡಿದಾಗ ಒಂದೂವರೆ ಅಡಿ ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ ತುಂಬಿ, 1 ಅಂಗುಲ ಆಳದಲ್ಲಿ 3-4 ಬೀಜ ಊರಿ. ಚೆನ್ನಾಗಿ ಬಂದ ಎರಡು ಸಸಿ ಉಳಿಸಿ. ಮಳೆ ಹೆಚ್ಚಿರುವ ಅರಕಲಗೂಡಿನ ಪಶ್ಚಿಮ ಭಾಗದಲ್ಲಿ ಮಣ್ಣು ಏರಿಸಿ ನೆಡಿ, ನೀರು ನಿಲ್ಲಬಾರದು. ಚನ್ನರಾಯಪಟ್ಟಣದ ಒಣ ಭೂಮಿಯಲ್ಲಿ ಸೋಪು ಬೆರೆಯದ ವುಝೂವಿನ ನೀರನ್ನು ಬಳ್ಳಿಯ ಬುಡಕ್ಕೆ ಹರಿಸಿ. ಎಲ್ಲೂ ನಿಲ್ಲಲು ಬಿಡಬೇಡಿ, ಸೊಳ್ಳೆಯಾಗುತ್ತದೆ.

ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು. ಬರೀ ತೊಟ್ಟಿದ್ದರೆ ಗಂಡು. ನಾಳೆ ಅರಳಲಿರುವ ಮೊಗ್ಗಿನ ತುದಿ ಸಂಜೆಯೇ ಹಳದಿಯಾಗಿರುತ್ತದೆ. ಅದೇ ತಳಿಯ ಒಂದು ಹೆಣ್ಣು, ಎರಡು ಗಂಡು ಮೊಗ್ಗುಗಳ ತುದಿಗೆ ದಾರ ಕಟ್ಟಿ. ಫಜ್ರ್ ನಮಾಝ್ ಮುಗಿಸಿ, ಜೇನು ಬರುವ ಮೊದಲೇ ಗಂಡು ಹೂವಿನ ದಳ ಕಿತ್ತು, ಪರಾಗವನ್ನು ಹೆಣ್ಣು ಹೂವಿನ ನಡುವೆ ಸವರಿ, ಮತ್ತೆ ದಾರ ಕಟ್ಟಿಬಿಡಿ. ತೊಟ್ಟಿಗೆ ಬಣ್ಣದ ಬಟ್ಟೆಯ ಗುರುತಿರಲಿ. ಬೀಜಕ್ಕೆ ಆ ಕಾಯಿ ಮಾತ್ರ.

ತೊಟ್ಟು ಒಣಗಿ, ಉಗುರು ಒತ್ತಿದರೆ ಸಿಪ್ಪೆ ಗೀರದಂತಾದಾಗ ಕೊಯ್ಯಿರಿ. ಮೂರು ವಾರ ಹಾಗೇ ಇಟ್ಟು ಬೀಜ ತೆಗೆಯಿರಿ. ತೊಳೆದು, ನೆರಳಲ್ಲಿ ಒಣಗಿಸಿ, ಬಗ್ಗಿಸಿದರೆ ಪಟ್ಟನೆ ಮುರಿಯುವಂತಾದ ಮೇಲೆ ಬೂದಿ ಬೆರೆಸಿ ಗಾಜಿನ ಡಬ್ಬಿಯಲ್ಲಿಡಿ. ಮೂರು-ನಾಲ್ಕು ವರ್ಷ ಮೊಳೆಯುತ್ತದೆ.

ಸಿಹಿಗುಂಬಳದ ಹಳದಿ ತಿರುಳಿನ ಕ್ಯಾರೋಟಿನ್ ದೇಹದಲ್ಲಿ ಎ ಜೀವಸತ್ವವಾಗುತ್ತದೆ; ಮಕ್ಕಳ ಕಣ್ಣಿಗೆ ಒಳ್ಳೆಯದು. ಸಕ್ಕರೆ ಕಾಯಿಲೆ ಇರುವವರು ಮಿತವಾಗಿ ತಿನ್ನಲಿ. ಪ್ರವಾದಿವರ್ಯರು(ಸ) ಇಷ್ಟಪಟ್ಟ 'ದುಬ್ಬಾ' ಸೋರೆಕಾಯಿ. ಸಿಹಿಗುಂಬಳ ಅದೇ ಬಳಗದ್ದು, ಅಮೆರಿಕ ಖಂಡದಿಂದ ಬಂದದ್ದು.

ಒಂದು ಎಚ್ಚರಿಕೆ. ಸೋರೆಯಾಗಲಿ, ಕುಂಬಳವಾಗಲಿ, ಹೆಚ್ಚಿದ ಕೂಡಲೇ ಚಿಕ್ಕ ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಆ ಕಹಿಯ ವಿಷ ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳಾಗಿವೆ. ತಿಂದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ ಮನೆಮದ್ದು ಬೇಡ, ನನ್ನ ಬಳಿಗೂ ಬೇಡ. ನೇರ ಆಸ್ಪತ್ರೆಗೆ ಹೋಗಿ. ಅಂಥ ಕಾಯಿಯ ಬೀಜವನ್ನೂ ಇಡಬೇಡಿ.

ಆ ತಾಯಿಗೆ ಹೇಳಿದೆ: "ಹನ್ನೊಂದನ್ನೂ ಒಮ್ಮೆಗೇ ಬಿತ್ತಬೇಡಿ ಅಮ್ಮಾ. ಆರು ಬಿತ್ತಿ, ಐದು ಇಟ್ಟುಕೊಳ್ಳಿ. ಕಾಯಿ ಬಂದರೆ ಒಂದು ಹಿಡಿ ಬೀಜ ಹಾಸನದಲ್ಲಿರುವ ಮಗಳಿಗೂ ಕೊಡಿ. ಒಂದು ಮನೆಯಲ್ಲಿ ತಪ್ಪಿದರೂ ಇನ್ನೊಂದು ಮನೆಯಲ್ಲಿ ಇರುತ್ತದೆ."